ಹಳೆಯ ಸಾಣೆಕಲ್ಲು: ಗುರುತಿಸಿ, ಮಟ್ಟ ಮಾಡುವುದು

ಕ್ಷೌರಕತ್ತಿಗೆ ಬಳಸುತ್ತಿದ್ದ ಹಳೆಯ ಕಲ್ಲು ಕೈಗೆ ಬಂದಾಗ ಅದರ ಬಣ್ಣ ನಂಬಬೇಡಿ. ಎಣ್ಣೆ ಜಿಡ್ಡು ಕೂತರೆ ಎಲ್ಲ ಕಲ್ಲೂ ಕಪ್ಪೇ. ಅದನ್ನು ತೊಳೆಯಲು ಪಾತ್ರೆ ಸೋಪು, ಉಗುರುಬೆಚ್ಚಗಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಎರಡು ಪದರ ಅಂಟಿಸಿದ ಕಲ್ಲಾದರೆ ನೆನೆಹಾಕಬೇಡಿ, ಅಂಟು ಬಿಡುತ್ತದೆ.

ಈಗ ಅಂಚು ನೋಡಿ. ಮೇಲೆ ಕೆನೆಹಳದಿ, ಕೆಳಗೆ ನೇರಳೆ ಛಾಯೆಯ ಸ್ಲೇಟು, ಉಜ್ಜಿದರೆ ಹಾಲಿನಂಥ ರಾಡಿ: ಬಹುತೇಕ ಬೆಲ್ಜಿಯಂನ ಕೋಟಿಕ್ಯೂಲ್ ಎಂಬ ನೈಸರ್ಗಿಕ ಸಾಣೆಕಲ್ಲು. ತೆಳು ಅಂಚಿಗೆ ಟಾರ್ಚ್ ಹಿಡಿದಾಗ ಬೆಳಕು ಒಳಗಿಳಿದರೆ, ಉಜ್ಜಿದರೂ ರಾಡಿ ಏಳದಿದ್ದರೆ, ಅಮೆರಿಕದ ಅರ್ಕಾನ್ಸಾಸ್ ಕಲ್ಲು ಇರಬಹುದು.

ಮಟ್ಟ ಮಾಡಲು ದಪ್ಪ ಗಾಜಿನ ಮೇಲೆ 220 ಗ್ರಿಟ್‌ನ (ಒರಟುತನದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನಯ) ನೀರು ತಾಳುವ ಉಪ್ಪುಕಾಗದ ಹಾಸಿ. ಕಲ್ಲಿನ ಮೇಲೆ ಪೆನ್ಸಿಲ್‌ನಿಂದ ಚೌಕುಳಿ ಗೀಚಿ, ನೀರು ಹಾಕಿ, ಹೆಚ್ಚು ಒತ್ತದೆ 8ರ ಆಕಾರದಲ್ಲಿ ಉಜ್ಜಿ. ಆಗಾಗ ಕಲ್ಲನ್ನು ತಿರುಗಿಸಿ ಹಿಡಿಯಿರಿ. ಇಲ್ಲವಾದರೆ ಕೈಭಾರ ಬಿದ್ದ ಕಡೆ ಇಳಿಜಾರಾಗುತ್ತದೆ. ನಡುವೆ ಗೆರೆ ಉಳಿದಿದ್ದರೆ ಅಲ್ಲಿ ಇನ್ನೂ ತಗ್ಗಿದೆ ಎಂದರ್ಥ. ಕಾಗದದ ತುದಿ ಎದ್ದರೆ ಕಲ್ಲಿನ ಅಂಚು ಗುಂಡಗಾಗುತ್ತದೆ, ತಕ್ಷಣ ಬದಲಿಸಿ. ಕೋಟಿಕ್ಯೂಲ್ ಪದರ ತೆಳುವಿದ್ದರೆ ಮೂಲೆಯ ಸಣ್ಣ ತಗ್ಗನ್ನು ಹಾಗೇ ಬಿಡುವುದೇ ಜಾಣತನ.

ಅರ್ಕಾನ್ಸಾಸ್‌ಗೆ ಕಾಗದ ಸಾಲದು, ಗಾಜಿನ ಮೇಲೆ ಸಿಲಿಕಾನ್ ಕಾರ್ಬೈಡ್ ಪುಡಿ ಬೇಕು. ಒಣಗಿದ ಕಲ್ಲನ್ನು ಎಂದೂ ಉಜ್ಜಬೇಡಿ, ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೇಡು.

ಗೆರೆಯೆಲ್ಲ ಅಳಿಸಿದ ಮೇಲೆ 400, 600, 1000 ಗ್ರಿಟ್‌ನಲ್ಲಿ ಕ್ರಮವಾಗಿ ಉಜ್ಜಿ. ಪ್ರತಿ ಹಂತಕ್ಕೂ ಮುನ್ನ ಕಲ್ಲು, ಗಾಜು, ಕೈ ತೊಳೆಯಿರಿ. ಉಳಿದ ಒಂದು ಒರಟು ಹರಳು ಕತ್ತಿಯ ಬಾಯಿ ಕೆಡಿಸುತ್ತದೆ. ಕೊನೆಗೆ ಕಲ್ಲಿನ ಅಂಚುಗಳನ್ನು ಓರೆಯಾಗಿ ಹಿಡಿದು ನಾಲ್ಕಾರು ಸಲ ಉಜ್ಜಿ ಚೂಪು ಮುರಿಯಿರಿ.