ರಷ್ಯನ್ ಕ್ರಿಯಾಪದ ಇಂಗ್ಲಿಷಿಗೆ ತರುವಾಗ ಪಕ್ಕದ ಪದ ನೋಡಿ

ಡಿಕ್ಷನರಿಯ ಮೊದಲ ಅರ್ಥವನ್ನೇ ಸುಮ್ನೆ ಎತ್ತಿ ಹಾಕಬೇಡಿ. ಮೊದಲು ಕರ್ಮಪದ ನೋಡಿ. 'ಸ್ನ್ಯಾತ್' ತಗೊಳ್ಳಿ: ಟೋಪಿ ಜೊತೆ ಬಂದರೆ ಟೇಕ್ ಆಫ್, ಫ್ಲ್ಯಾಟ್ ಜೊತೆ ರೆಂಟ್, ದುಡ್ಡಿನ ಜೊತೆ ವಿತ್‌ಡ್ರಾ, ಸಿನಿಮಾ ಜೊತೆ ಶೂಟ್. ಟೇಕ್ ಆಫ್ ಅಂತಲೇ ಹಟ ಹಿಡಿದರೆ ಬಾಡಿಗೆ ಮನೆಯನ್ನೂ ಬಿಚ್ಚಿಡಬೇಕಾಗುತ್ತದೆ, ಅಲ್ವಾ!

ಆಮೇಲೆ ವಿಭಕ್ತಿ. ಕನ್ನಡದವರಿಗೆ ಇದೇನು ಹೊಸದಲ್ಲ. 'ಬಲೇತ್ ಗ್ರಿಪ್ಪಮ್' ಅಂದಾಗ ರೋಗದ ಹೆಸರು ತೃತೀಯಾದಲ್ಲಿದೆ, ಹಾಗಾಗಿ ಹ್ಯಾವ್ ದ ಫ್ಲೂ. ಅದೇ ಕ್ರಿಯಾಪದದ ಮುಂದೆ 'ಜಾ' ಬಂದು, ತಂಡದ ಹೆಸರು ದ್ವಿತೀಯಾದಲ್ಲಿದ್ದರೆ ಯಾರಿಗೂ ಹುಷಾರು ತಪ್ಪಿಲ್ಲ, ಅವರು ಸ್ಪಾರ್ಟಾಕ್ ಟೀಮಿಗೆ ಸಪೋರ್ಟ್ ಮಾಡುತ್ತಿದ್ದಾರೆ ಅಷ್ಟೆ.

ಜಾಸ್ತಿ ಎಡವಿಸೋದು ಜೋಡಿ ಕ್ರಿಯಾಪದಗಳು, ಅಂದರೆ ಒಂದೇ ಕೆಲಸಕ್ಕೆ ನಡೀತಿರೋದನ್ನ ಹೇಳೋಕೆ ಒಂದು, ಮುಗಿದದ್ದನ್ನ ಹೇಳೋಕೆ ಇನ್ನೊಂದು. 'ಆನ್ ರೆಶಾಲ್ ಜದಾಚು, ನೋ ನೆ ರೆಶಿಲ್' ಅನ್ನೋ ವಾಕ್ಯದಲ್ಲಿ ಎರಡಕ್ಕೂ ಸಾಲ್ವ್ ಅಂತ ಹಾಕಿದರೆ ಲೆಕ್ಕ ಬಿಡಿಸಿದ, ಆದರೆ ಬಿಡಿಸಲಿಲ್ಲ ಅಂದ ಹಾಗಾಗುತ್ತದೆ. ಮೊದಲನೆಯದು ನಡೀತಿದ್ದ ಕೆಲಸ, ಅಲ್ಲಿ ಟ್ರೈಡ್ ಟು ಸಾಲ್ವ್ ಬೇಕು. ಇನ್ನು 'ರೆಶಿತ್' ('ರೆಶಿಲ್'ನ ಮೂಲರೂಪ) ಮುಂದೆ ಮತ್ತೊಂದು ಕ್ರಿಯಾಪದದ ಮೂಲರೂಪ ಬಂದರೆ ಡಿಸೈಡ್.

ಅನುಮಾನ ಬಂದರೆ ರಷ್ಯನ್ ನ್ಯಾಷನಲ್ ಕಾರ್ಪಸ್‌ನಲ್ಲಿ (ರಷ್ಯನ್ ಬರಹಗಳ ದೊಡ್ಡ ಆನ್‌ಲೈನ್ ಸಂಗ್ರಹ) ಹುಡುಕಿ, ಇಂಗ್ಲಿಷ್ ಅನುವಾದದ ಸಮೇತ ಉದಾಹರಣೆಗಳು ಅಲ್ಲೇ ಸಿಗುತ್ತವೆ.