ರಸ್ತೆ ಲೆಕ್ಕ ಕೇಳುವುದು ಹೇಗೆ?

ನಮ್ಮ ಕಾರವಾರದ ಕಡೆ ಒಂದು ಮಳೆಗಾಲ ಸಾಕು, ಹೊಸ ಡಾಂಬರು ಕಿತ್ತು ಜಲ್ಲಿ ಮೇಲೆ ಬರುತ್ತದೆ. ಸುಮ್ನೆ ಚಹಾ ಅಂಗಡಿಯಲ್ಲಿ ಕೂತು ಬೈಯಬೇಡಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಬಿಪಿಎಲ್‌ನವರಿಗೆ ಅದೂ ಬೇಡ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ.

ಎಡವುವುದು ಪ್ರಶ್ನೆಯಲ್ಲೇ. ‘ರಸ್ತೆ ಯಾಕೆ ಹಾಳಾಯಿತು?’ ಅಂತ ಬರೆದಿದ್ದ ನನ್ನ ಮೊದಲ ಅರ್ಜಿ ಹಾಗೇ ವಾಪಸ್ ಬಂತು. ಕಾರಣ ಕೇಳಬೇಡಿ, ಕಾಗದ ಕೇಳಿ: ಅಂದಾಜು ಪಟ್ಟಿ, ಕೆಲಸದ ಆದೇಶ, ಬಿಲ್ಲು, ಮುಖ್ಯವಾಗಿ ಎಷ್ಟು ಉದ್ದ ಎಷ್ಟು ದಪ್ಪ ಹಾಕಿದ್ದಾರೆ ಅಂತ ಬರೆದಿಡುವ ಅಳತೆ ಪುಸ್ತಕದ ಪ್ರತಿ. ಅದು ಕೈಗೆ ಸಿಕ್ಕರೆ ಟೇಪು ಹಿಡಿದು ನೀವೇ ಅಳೆಯಬಹುದು ಅಲ್ವಾ?

ಅರ್ಜಿ ಕೊಡುವಾಗ ಅದರ ನಿಮ್ಮ ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳಿ. 30 ದಿನ ಕಳೆದರೂ ಉತ್ತರವಿಲ್ಲವೇ? ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ.