ಅನೋವಾ ಪಟ್ಟಿಯಲ್ಲಿ 4 ಬರಬೇಕಾದಲ್ಲಿ 1 ಬಂದರೆ: ನನ್ನ ಅನುಭವ

ಅಮೆರಿಕದ ಜನರಲ್ ಸೋಷಿಯಲ್ ಸರ್ವೆ (ಸಾಮಾಜಿಕ ಸಮೀಕ್ಷೆ) ದತ್ತಾಂಶದಲ್ಲಿ ವೈವಾಹಿಕ ಸ್ಥಿತಿಗೂ ಸಂತೋಷಕ್ಕೂ ಇರುವ ನಂಟನ್ನು ಅಂಕಿಅಂಶಗಳ 'ಆರ್' ತಂತ್ರಾಂಶದಲ್ಲಿ, ಗುಂಪುಗಳ ಸರಾಸರಿಗಳನ್ನು ಹೋಲಿಸುವ ಅನೋವಾ ಪರೀಕ್ಷೆಯಿಂದ ನೋಡುತ್ತಿದ್ದೆ. ಗುಂಪುಗಳು ಐದು: ವಿವಾಹಿತರು, ಸಂಗಾತಿ ತೀರಿಕೊಂಡವರು, ವಿಚ್ಛೇದಿತರು, ಬೇರೆಯಾಗಿ ಇರುವವರು, ಮದುವೆಯೇ ಆಗದವರು. ಸ್ವಾತಂತ್ರ್ಯಾಂಕ (ಡಿಗ್ರೀಸ್ ಆಫ್ ಫ್ರೀಡಂ; ಇಲ್ಲಿ ಗುಂಪುಗಳ ಸಂಖ್ಯೆಗಿಂತ ಒಂದು ಕಡಿಮೆ) 4 ಬರಬೇಕು, 1 ಬರುತ್ತಿತ್ತು. ಸಾಲದೆಂಬಂತೆ ವಿವಾಹಿತರ ಸಂತೋಷದ ಸರಾಸರಿಯೇ ಎಲ್ಲರಿಗಿಂತ ಕಡಿಮೆ.

ತಂತ್ರಾಂಶವನ್ನು ಮತ್ತೆ ಹಾಕಿದೆ, ಬೇರೆ ವರ್ಷದ ಕಡತ ತೆಗೆದುಕೊಂಡೆ, ಖಾಲಿ ಸಾಲುಗಳನ್ನು ಅಳಿಸಿದೆ. 1 ಕದಲಲಿಲ್ಲ. ಗುಂಪುಗಳನ್ನು ಜೋಡಿ ಜೋಡಿಯಾಗಿ ಹೋಲಿಸುವ ಟ್ಯೂಕಿ ಪರೀಕ್ಷೆಯಂತೂ ಓಡಲೇ ಇಲ್ಲ. ಗುಂಪುಗಳ ಚದುರುವಿಕೆ ಒಂದೇ ಎಂದು ಊಹಿಸದ ವೆಲ್ಚ್ ವಿಧಾನದ ಒನ್‌ವೇ ಟೆಸ್ಟ್ ಮಾತ್ರ 4 ಎಂದಿತು. ಅದು ಗುಂಪಿನ ಅಂಕಣವನ್ನು ತಾನೇ ವರ್ಗವಾಗಿ ಬದಲಿಸಿಕೊಳ್ಳುತ್ತದೆ. ಗುಟ್ಟು ಅಲ್ಲಿತ್ತು. ಐದು ಗುಂಪುಗಳಿಗೆ ಕೊಟ್ಟ 1ರಿಂದ 5ರವರೆಗಿನ ಸಂಕೇತಗಳನ್ನು 'ಎಒವಿ' (ಅನೋವಾ ಮಾಡುವ ಆಜ್ಞೆ) ಅಳತೆಯೆಂದು ತಿಳಿದು ಗೆರೆ ಎಳೆಯುತ್ತಿತ್ತು, ವಿಚ್ಛೇದನವೆಂದರೆ ಮೂರು ಪಟ್ಟು ಮದುವೆ ಎನ್ನುವ ಹಾಗೆ!

ಸರಿಹೋದ ಕ್ರಮ ಇದು, ಹಿಂದುಮುಂದು ಮಾಡಬೇಡಿ. ಮೊದಲು ಎರಡೂ ಅಂಕಣಗಳಲ್ಲಿ ಉತ್ತರವಿಲ್ಲದವರ ಸಂಕೇತಗಳಿದ್ದರೆ (ನನ್ನ ಕಡತದಲ್ಲಿ 8, 9) ಅವನ್ನು 'ಎನ್ಎ' (ಮಾಹಿತಿ ಇಲ್ಲ) ಮಾಡಿ. ಬಳಿಕ ಸಂತೋಷವನ್ನು 4ರಿಂದ ಕಳೆಯಿರಿ. ಮೂಲದಲ್ಲಿ 1 ಎಂದರೆ ಅತಿ ಸಂತೋಷ, 3 ಎಂದರೆ ಅಷ್ಟೇನೂ ಇಲ್ಲ; ವಿವಾಹಿತರ ಸರಾಸರಿ ಕಡಿಮೆ ಕಂಡದ್ದು ಅದಕ್ಕೇ. ಆಮೇಲೆ ವೈವಾಹಿಕ ಅಂಕಣವನ್ನು 'ಫ್ಯಾಕ್ಟರ್' (ಅಳತೆಯಲ್ಲ, ವರ್ಗ) ಆಗಿಸಿ ಐದು ಹೆಸರು ಕೊಡಿ. ಅಂಕಣದ ಬಗೆಯನ್ನು ತೋರಿಸುವ 'ಎಸ್‌ಟಿಆರ್' ಆಜ್ಞೆಯಲ್ಲಿ ಐದು ಹಂತ (ವರ್ಗ) ಕಂಡ ಮೇಲೆಯೇ 'ಎಒವಿ' ಓಡಿಸಿ.

ಬೇರೆಯಾಗಿ ಇರುವವರ ಗುಂಪು ಚಿಕ್ಕದು, ಚದುರುವಿಕೆಯೂ ಬೇರೆ. ಹಾಗಾಗಿ ವರದಿಗೆ ವೆಲ್ಚ್ ಫಲಿತಾಂಶವನ್ನೇ ತೆಗೆದುಕೊಂಡೆ; ಜೋಡಿ ಹೋಲಿಕೆಗೆ ಪೇರ್‌ವೈಸ್ ಟಿ ಟೆಸ್ಟ್‌ನಲ್ಲಿ 'ಪೂಲ್ ಎಸ್‌ಡಿ'ಯನ್ನು (ಎಲ್ಲ ಗುಂಪುಗಳಿಗೂ ಒಂದೇ ಚದುರುವಿಕೆ ಎಂಬ ಆಯ್ಕೆ) ಫಾಲ್ಸ್ ಮಾಡಿ, ಹಲವು ಹೋಲಿಕೆಗಳಿಂದ ಆಗುವ ತಪ್ಪು ತೀರ್ಮಾನ ತಡೆಯುವ ಹೋಲ್ಮ್ ತಿದ್ದುಪಡಿ ಇಟ್ಟುಕೊಂಡೆ.